ಕೆಂಡ ಆಗ್ಲಿ ತಡಿ

ಬಳ್ಳಾರಿ ಜಾಲಿಯ ಪರವಾಗಿ ಒಂದು ಒಳ್ಳೆಯ ಮಾತಾಡುವವರು ಕೂಡ್ಲಿಗಿ ಸೀಮೆಯಲ್ಲಿ ಸಿಗುವುದು ಕಷ್ಟ. ಹೊಲದ ಬದು ಹಿಡಿದರೆ ಬಿಡದು, ಕೆರೆಯಂಗಳಕ್ಕೆ ಇಳಿದರೆ ಏಳದು, ಅದರ ಮುಳ್ಳು ಬೈಕಿನ ಟೈರಿಗೂ ಹವಾಯಿ ಚಪ್ಪಲಿಗೂ ಭೇದ ಎಣಿಸದು. ಅಮೆರಿಕ ಖಂಡದ ಈ ಗಿಡವನ್ನು ಬ್ರಿಟಿಷರು 1870ರ ದಶಕದಲ್ಲಿ ಭಾರತಕ್ಕೆ ತಂದರು. ಸೌದೆಗಾಗುತ್ತದೆ, ಬರಡು ನೆಲ ಹಸಿರಾಗುತ್ತದೆ ಎಂಬುದು ಅವರ ಲೆಕ್ಕ. ಬಂದದ್ದು ಬಂತು, ನಮ್ಮ ಜಿಲ್ಲೆಯ ಹೆಸರನ್ನೂ ಇಟ್ಟುಕೊಂಡು ಕೂತಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲವೂ ಬಳ್ಳಾರಿಯಿಂದ ಬೇರೆಯಾದವು. ಜಾಲಿ ಮಾತ್ರ ಬಳ್ಳಾರಿ ಜಾಲಿಯಾಗಿಯೇ ಉಳಿಯಿತು. ಹರಪನಹಳ್ಳಿಯ ಜಾಲಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಸೇರಿತು, ಒಂದು ಬೇರೂ ಅಲ್ಲಾಡದೆ.

ನಮ್ಮ ಅಕ್ಕನ ಮಗ ಟೆಕ್ಸಾಸಿನಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರ್ ರಜೆಗೆ ಬಂದವನು ಕಾರಿನಿಂದ ಮಡಚುವ ಗ್ರಿಲ್ಲು, ಮೊಣಕೈ ತನಕ ಬರುವ ಕೈಗವಸು, ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರು, ಬೆಂಗಳೂರಿನಲ್ಲಿ ಕೊಂಡ ಇದ್ದಿಲಿನ ಚೀಲ ಇಷ್ಟನ್ನೂ ಇಳಿಸಿದ. ಹಿತ್ತಲಿಗೆ ಬಂದವನೇ ಬೇಲಿಯ ಜಾಲಿ ನೋಡಿ ನಿಂತುಬಿಟ್ಟ. "ಮಾಮ, ಇದು ಮೆಸ್ಕೀಟ್ ಅಲ್ವಾ? ಅಲ್ಲಿ ಇದನ್ನ ದುಡ್ಡು ಕೊಟ್ಟು ಚೀಲದಲ್ಲಿ ತರ್ತೀವಿ!"

ಅವನು ಹೇಳಿದ್ದು ಮುಕ್ಕಾಲು ಪಾಲು ಸರಿ. ಟೆಕ್ಸಾಸಿನ ಮೆಸ್ಕೀಟ್ ನಮ್ಮ ಜಾಲಿಯ ಖಾಸಾ ದಾಯಾದಿ. ಎರಡಕ್ಕೂ ಪ್ರೊಸಾಪಿಸ್ ಎಂಬ ಒಂದೇ ಮನೆತನದ ಹೆಸರಿತ್ತು. 2022ರಲ್ಲಿ ಸಸ್ಯಶಾಸ್ತ್ರಜ್ಞರು ಆ ದೊಡ್ಡ ಮನೆಯನ್ನು ಪಾಲು ಮಾಡಿ ಎರಡನ್ನೂ ನೆಲ್ಟುಮಾ ಎಂಬ ಪಾಲಿಗೆ ಹಾಕಿದರು. ಜಿಲ್ಲೆ ಬದಲಾದದ್ದು ಸಾಲದೆಂದು ಇದೊಂದು ಬೇರೆ. ಪಶ್ಚಿಮ ಟೆಕ್ಸಾಸೂ ನಮ್ಮದೇ ಥರ ಮಳೆ ಕಡಿಮೆಯ, ಮುಳ್ಳು ಹೆಚ್ಚಿನ ಸೀಮೆ. ಅಲ್ಲಿಯ ದನದ ಯಜಮಾನರು ಮೆಸ್ಕೀಟ್ ಹುಲ್ಲುಗಾವಲನ್ನು ನುಂಗಿತೆಂದು ಬೈಯುತ್ತಾರೆ, ಬೈದು ಮುಗಿಸಿ ಅದರ ಕೆಂಡದ ಮೇಲೆಯೇ ಮಾಂಸ ಸುಟ್ಟು ತಿನ್ನುತ್ತಾರೆ. ನಾವು ಮೊದಲನೆಯ ಅರ್ಧವನ್ನಷ್ಟೇ ಕಲಿತಿದ್ದೇವೆ. ಎರಡನೆಯ ಅರ್ಧವನ್ನು ಲಾರಿಗೆ ಹೇರಿ ಕಳಿಸುತ್ತೇವೆ: ಜಾಲಿ ಕಡಿದು, ಒಟ್ಟಿ, ಮೇಲೆ ಮಣ್ಣು ಮೆತ್ತಿ, ಉಸಿರು ಕಟ್ಟಿಸಿ ಒಳಗೊಳಗೇ ಉರಿಸಿ ಇದ್ದಿಲು ಮಾಡುವ ಗೂಡುಗಳು ನಮ್ಮ ಕಡೆ ಅಪರೂಪವಲ್ಲ. ಅವನು ಬೆಂಗಳೂರಿನಿಂದ ಹೊತ್ತು ತಂದ ಚೀಲವೂ ಹೀಗೆ ಇಲ್ಲಿಂದಲೇ ಹೋಗಿ ಪ್ರವಾಸ ಮುಗಿಸಿ ಬಂದದ್ದಿರಬಹುದು ಎಂದು ನನಗೆ ಗುಮಾನಿ.

ಹಿತ್ತಲಲ್ಲಿ ಬೆಂಕಿ ಹಾಕಿ ಮಾಂಸ ಬೇಯಿಸುವುದನ್ನು ಅವನು ಅಮೆರಿಕದ ಸಂಸ್ಕೃತಿ ಎಂದು ನಮಗೆ ತಿಳಿಹೇಳಲು ಹೊರಟಾಗ ನಮ್ಮವ್ವ ಅವನನ್ನೇ ನೋಡುತ್ತಾ ಕೂತಳು. ನಮ್ಮಂಥ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಸಸ್ಯಾಹಾರಿ, ಹಿತ್ತಲು ಮಾಂಸಾಹಾರಿ. ಒಳಗೆ ದೇವರ ಮಾಡ ಇದೆ. ಆದ್ದರಿಂದ ಖಂಡದ ಅಡುಗೆಗೆ ಹೊರಗೆ ಮೂರು ಕಲ್ಲು, ಬೇರೆ ಗಡಿಗೆ, ಬೇರೆ ಸೌಟು. ಆ ಸೌಟಿಗೆ ಹೊಸ್ತಿಲು ದಾಟುವ ಹಕ್ಕಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ದೇವರು ಸ್ವಲ್ಪ ಸಡಿಲ ಬಿಟ್ಟ. ಕುಕ್ಕರಿನ ಮುಚ್ಚಳ ಬಿಗಿಯಾಗಿರುವುದರಿಂದ ಅವನಿಗೆ ವಾಸನೆ ಹೋಗುವುದಿಲ್ಲ ಎಂದು ಯಾರೋ ತೀರ್ಮಾನಿಸಿರಬೇಕು. ಮೂರು ಕಲ್ಲು ಮಾತ್ರ ಇನ್ನೂ ನುಗ್ಗೆಮರದ ಬುಡದಲ್ಲಿವೆ. ಅಳಿಯ ತನ್ನ ಗ್ರಿಲ್ಲನ್ನು ಬಿಚ್ಚಿ ಇಟ್ಟದ್ದು ಅವುಗಳ ಪಕ್ಕದಲ್ಲೇ.

ಇದ್ದಿಲು ಸುರಿದ, ಏನೋ ಎಣ್ಣೆ ಚಿಮುಕಿಸಿದ, ಕಡ್ಡಿ ಗೀರಿದ. ಉರಿ ಭುಗ್ಗೆಂದಿತು. ಕೋಳಿಯ ಕಾಲುಗಳನ್ನು ಜೋಡಿಸಲು ಕೈ ಚಾಚುತ್ತಿದ್ದಂತೆ ಅವ್ವ ಅಂದಳು: "ಕೆಂಡ ಆಗ್ಲಿ ತಡಿಯೋ. ಉರಿ ಮೇಲೆ ಸುಟ್ರೆ ಮೇಲೆ ಮಸಿ, ಒಳಗೆ ಹಸಿ."

ಗ್ರಿಲ್ಲಿನ ಕುರಿತು ಅಳಿಯ ತೋರಿಸಿದ ವಿಡಿಯೊಗಳನ್ನೆಲ್ಲ ನೋಡಿದ ಮೇಲೂ ಇದಕ್ಕಿಂತ ಹೆಚ್ಚಿನದೇನೂ ನನಗೆ ಸಿಗಲಿಲ್ಲ. ಉರಿಯುವಾಗ ಇದ್ದಿಲಿನಲ್ಲಿ ಉಳಿದ ಹಸಿ ಹೊಗೆ, ಚಿಮುಕಿಸಿದ ಎಣ್ಣೆಯ ನಾತ ಎಲ್ಲ ಮಾಂಸಕ್ಕೆ ಮೆತ್ತುತ್ತವೆ. ಜಾಲಿಯದ್ದಂತೂ ಖಡಕ್ ಹೊಗೆ, ಜಾಸ್ತಿಯಾದರೆ ಕಹಿ. ಕೆಂಡಕ್ಕೆ ಬೂದಿಯ ತೆಳು ಪದರ ಬಂದಾಗ ಉರಿ ಹೋಗಿರುತ್ತದೆ, ಶಾಖ ಉಳಿದಿರುತ್ತದೆ, ಅದೂ ಒಂದೇ ಸಮ. ಆಗಲೂ ಕೆಂಡವನ್ನು ಒಲೆಯ ತುಂಬ ಹರಡಬಾರದು. ಒಂದು ಬದಿಗೆ ಒಟ್ಟಿ, ಇನ್ನೊಂದು ಬದಿ ಖಾಲಿ ಬಿಡಬೇಕು. ಕೆಂಡದ ಮೇಲೆ ಬಣ್ಣ ಬರಿಸಿ, ಖಾಲಿ ಬದಿಗೆ ಸರಿಸಿ, ಮೇಲೊಂದು ಬೋಗುಣಿ ಮುಚ್ಚಿದರೆ ಒಳಗೆ ನಿಧಾನ ಬೇಯುತ್ತದೆ. ಅವ್ವ ರೊಟ್ಟಿಗೆ ಮಾಡುತ್ತಿದ್ದದ್ದೂ ಇದನ್ನೇ: ಹಂಚಿನ ಮೇಲೆ ಎರಡು ಮಗ್ಗುಲು ಕಂಡ ಜೋಳದ ರೊಟ್ಟಿಯನ್ನು ಒಲೆಯ ಬಾಯಿಗೆ ಎಳೆದ ಕೆಂಡದೆದುರು ನಿಲ್ಲಿಸಿದರೆ ಅದು ಉಬ್ಬಿ ನಿಲ್ಲುತ್ತಿತ್ತು. ಎಣ್ಣೆ ಚಿಮುಕಿಸುವ ಪಾಪವೂ ಬೇಕಿಲ್ಲ. ಕಾಳು ಬಿಡಿಸಿದ ಮೆಕ್ಕೆಜೋಳದ ಒಣ ಬೆಂಡು ನಾಲ್ಕು ಸಾಕು, ಇದ್ದಿಲು ಹೊತ್ತಿಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಅದಕ್ಕೆ ಬರವಿಲ್ಲ.

ಶಾಖ ಎಷ್ಟಿದೆ ಎಂದು ತಿಳಿಯಲು ಅಳಿಯ ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು "ಒನ್ ಮಿಸಿಸಿಪ್ಪಿ, ಟೂ ಮಿಸಿಸಿಪ್ಪಿ" ಎಂದು ಎಣಿಸಿದ. ಅಲ್ಲಿ ಸೆಕೆಂಡು ಅಳೆಯಲು ಆ ನದಿಯ ಹೆಸರು ಹೇಳುತ್ತಾರಂತೆ. ಎರಡು ಮೂರಕ್ಕೇ ಕೈ ಎಳೆದುಕೊಂಡರೆ ಜೋರು ಕೆಂಡ, ಐದಾರರ ತನಕ ತಡೆದರೆ ಹದ. ಅವ್ವ ಪಕ್ಕದಲ್ಲೇ ಕೈಯೊಡ್ಡಿ "ಕೊಟ್ಟೂರೇಶಾ, ಕೊಟ್ಟೂರೇಶಾ" ಎಂದಳು. ಎರಡೂ ಒಂದೇ ಅಳತೆಗೆ ಬಂದವು. ನಮ್ಮದರಲ್ಲಿ ಪುಣ್ಯ ಹೆಚ್ಚುವರಿ. ಥರ್ಮಾಮೀಟರಿನ ವಿಷಯದಲ್ಲಿ ಮಾತ್ರ ನಾನು ಅಳಿಯನ ಪಕ್ಷ. ಕೋಳಿಯ ನಡುವಿನಲ್ಲಿ 74 ಡಿಗ್ರಿ ಸೆಲ್ಸಿಯಸ್ ಕಂಡ ಮೇಲೆ ವಾದವಿಲ್ಲ, ರಾತ್ರಿ ಹೊಟ್ಟೆನೋವಿಲ್ಲ.

ಕುರಿಯ ವಿಷಯ ಬೇರೆ. ಇದು ಕುರಿಯ ನಾಡು. ಬಳ್ಳಾರಿ ಕುರಿ ಎಂಬ ತಳಿಯೇ ಇದೆ, ಕಂಬಳಿಗೆ ಒದಗುವ ಒರಟು ಉಣ್ಣೆಯದ್ದು. ಪೋರ್ಚುಗೀಸ ಪೇಸ್ 1520ರ ಸುಮಾರಿಗೆ ವಿಜಯನಗರದ ಬೀದಿಗಳಲ್ಲಿ ಮಾರುತ್ತಿದ್ದ ಕುರಿಮಾಂಸ ನೋಡಿ, ಎಷ್ಟು ಚೊಕ್ಕಟ, ಎಷ್ಟು ಕೊಬ್ಬು, ಹಂದಿಯದ್ದೆಂದೇ ತೋರುತ್ತದೆ ಎಂಬರ್ಥದಲ್ಲಿ ಬರೆದಿಟ್ಟಿದ್ದಾನೆ. ಅವನ ದೇಶದಲ್ಲಿ ಅದು ಹೊಗಳಿಕೆ. ಇಂದಿನ ಕುರಿ ಹಾಗೆ ಕೂತು ಕೊಬ್ಬಿದ್ದಲ್ಲ. ಮೇವು ಹುಡುಕುತ್ತಾ ಹಿಂಡಿನೊಂದಿಗೆ ತಾಲ್ಲೂಕು ತಾಲ್ಲೂಕು ನಡೆದದ್ದು, ಅದರ ತೊಡೆಗೆ ಆ ನಡಿಗೆಯೆಲ್ಲ ನೆನಪಿರುತ್ತದೆ. ಅಂಥ ತೊಡೆಯನ್ನು ತುಂಡು ಮಾಡಿ ನೇರ ಕೆಂಡಕ್ಕೆ ಹಾಕಿದರೆ ಹಲ್ಲಿನ ಡಾಕ್ಟರಿಗೆ ಲಾಭ. ಕಾಯಿ ಪಪ್ಪಾಯಿಯ ತಿರುಳು ಅರೆದು ಸವರಿದರೆ ಅದರ ಪಪೈನ್ ಎಂಬ ಕಿಣ್ವ ನಾರನ್ನು ಕಡಿಯುತ್ತದೆ. ಸ್ವಲ್ಪ ಸಾಕು, ಸ್ವಲ್ಪ ಹೊತ್ತು ಸಾಕು; ಮರೆತು ಮಲಗಿದರೆ ಬೆಳಿಗ್ಗೆ ಅಂಬಲಿ. ಉಪ್ಪು ಮೊದಲೇ ಹಾಕಬಹುದು. ಬೆಲ್ಲವನ್ನೋ ಜೇನನ್ನೋ ಸವರುವುದಿದ್ದರೆ ಇಳಿಸುವ ಮುಂಚೆ, ಇಲ್ಲದಿದ್ದರೆ ಸೀದುಹೋಗುತ್ತದೆ. ಮೊಸರು ಮಸಾಲೆಯನ್ನು ಕೈಯಿಂದ ಜಾಡಿಸಿ ಮೈ ಒಣಗಿಸಿ ಹಾಕಬೇಕು. ನೀರಿರುವ ತನಕ ಮಾಂಸದ ಮೈ ನೂರು ಡಿಗ್ರಿ ದಾಟುವುದಿಲ್ಲ; ಫ್ರಾನ್ಸಿನ ಮಯಾರ್ 1912ರಲ್ಲಿ ವಿವರಿಸಿದ, ಕಂದುಬಣ್ಣವನ್ನೂ ಘಮವನ್ನೂ ತರುವ ಆ ಕ್ರಿಯೆ ಚುರುಕಾಗಲು ನೂರನಲವತ್ತರ ಆಸುಪಾಸು ಬೇಕು.

ಮಯಾರನಿಗಿಂತ ಸುಮಾರು ಎಂಟುನೂರು ವರ್ಷ ಮೊದಲೇ, ಹರಪನಹಳ್ಳಿ ಪಕ್ಕದ ಬಾಗಳಿಯ ಕಲ್ಲೇಶ್ವರ ಗುಡಿಗೆ ಕೈ ಹಚ್ಚಿದ್ದ ಕಲ್ಯಾಣ ಚಾಲುಕ್ಯರ ವಂಶದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮಾಂಸವನ್ನು ಕೆಂಡದಲ್ಲಿ ಸುಡುವ ಕ್ರಮ ಹೇಳಿದ್ದಾನೆ. ಹೊಲದ ಇಲಿಯನ್ನು ಕಬ್ಬಿಣದ ಸಲಾಕೆಗೆ ಚುಚ್ಚಿ ಸುಡುವುದೂ ಅಲ್ಲಿದೆ. ಅಳಿಯ ಅದನ್ನು ಕೇಳಿ ಮುಖ ಹಿಂಡಿದ. ಭೂಲೋಕಮಲ್ಲ ಎಂಬ ಬಿರುದಿನ ದೊರೆ ತಿಂದದ್ದನ್ನು ಟೆಕ್ಸಾಸಿನವನು ಒಲ್ಲೆನೆಂದರೆ ನಷ್ಟ ಯಾರಿಗೆ?

ನನಗೆ ಕೇಳಿದರೆ ಈ ವಿದ್ಯೆಯ ನಿಜವಾದ ಪಂಡಿತ ಭಾನುವಾರ ಬೆಳಿಗ್ಗೆ ಮಟನ್ ಅಂಗಡಿಗಳ ಪಕ್ಕ ತಲೆ-ಕಾಲು ಸುಡುತ್ತಾ ಕೂರುವವನು. ಎದುರಿಗೆ ಭರ್ರೆನ್ನುವ ಬ್ಲೋಲ್ಯಾಂಪು, ಕೈಯಲ್ಲಿ ಕುರಿಯ ತಲೆ ಚುಚ್ಚಿದ ಸಲಾಕೆ. ಅವನ ಕೈ ಒಂದು ಕ್ಷಣ ನಿಲ್ಲುವುದಿಲ್ಲ; ತಿರುಗಿಸುತ್ತಾನೆ, ಕೆರೆಯುತ್ತಾನೆ, ಮತ್ತೆ ತಿರುಗಿಸುತ್ತಾನೆ. ಕಿವಿಯ ಮಡಿಕೆ, ಗೊರಸಿನ ಸಂದು ಎಲ್ಲೆಲ್ಲಿ ಕೂದಲು ಅಡಗಿ ಕೂರುತ್ತದೆ ಎಂಬುದು ಅವನಿಗೆ ಬಾಯಿಪಾಠ. ನಡುವೆ ಗಿರಾಕಿಯ ಲೆಕ್ಕ, ಚಿಲ್ಲರೆ, ಊರ ರಾಜಕೀಯ. ಚರ್ಮ ಸುಟ್ಟಿತು, ಸೀಯಲಿಲ್ಲ ಎಂಬ ಗೆರೆಯನ್ನು ಅವನು ಮೂಗಿನಲ್ಲೇ ಗುರುತಿಸುತ್ತಾನೆ. ಅಳಿಯ ಅವನ ಮುಂದೆ ಬಹಳ ಹೊತ್ತು ನಿಂತು ಫೋನಿನಲ್ಲಿ ಚಿತ್ರ ತೆಗೆದ. "ಸಾರ್, ತಲೆ ತರ್ತೀರಾ, ಬರೇ ನೋಡ್ತೀರಾ?" ಎಂದು ಕೇಳಿಸಿಕೊಂಡ ಮೇಲೆ ಒಂದು ಜೊತೆ ಕಾಲು ಕೊಂಡು ತಂದ.

ಊರಮ್ಮನ ಜಾತ್ರೆಯ ಮಾರನೆಯ ವಾರ ಬಂದಿದ್ದರೆ ಅವನಿಗೆ ಉಪ್ಪುಖಂಡವನ್ನೂ ತೋರಿಸಬಹುದಿತ್ತು. ಮಿಕ್ಕ ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಖಾರ ಹಚ್ಚಿ, ದಾರಕ್ಕೆ ಪೋಣಿಸಿ, ಬಟ್ಟೆ ಒಣಹಾಕುವ ತಂತಿಯಲ್ಲಿ ಅಂಗಿ ಲಂಗಗಳ ಪಕ್ಕದಲ್ಲೇ ತೂಗುಹಾಕುತ್ತಿದ್ದರು. ಕಾಗೆ ಕಾಯುವ ಕೆಲಸ ಮಕ್ಕಳದು. ಆ ಕಾವಲುಗಾರರಿಂದ ಅದನ್ನು ಕಾಯುವವರು ಯಾರೂ ಇರಲಿಲ್ಲ. ತಿಂಗಳುಗಳಾದ ಮೇಲೆ ಒಂದು ತುಂಡನ್ನು ಕೆಂಡದಲ್ಲಿ ಎರಡು ಹೊರಳು ಹೊರಳಿಸಿ, ಕಲ್ಲಿನ ಮೇಲೆ ಜಜ್ಜಿ, ಈರುಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಗೆ ಹಚ್ಚಿಕೊಂಡರೆ ಸಾರು ಬೇಡ, ಪಲ್ಯ ಬೇಡ.

ಸುಡುವುದೆಂದರೆ ಮಾಂಸವೇ ಎಂದುಕೊಂಡರೆ ನಮ್ಮ ಹೊಲಗಳಿಗೆ ಅನ್ಯಾಯ. ಕಿತ್ತ ಶೇಂಗಾ ಗಿಡವನ್ನು ಒಣ ಸೊಪ್ಪಿನ ಜೊತೆ ಗುಡ್ಡೆ ಹಾಕಿ ಬೆಂಕಿ ಕೊಟ್ಟು, ಉರಿ ಆರಿದ ಮೇಲೆ ಬೂದಿಯಲ್ಲಿ ಕೆದಕಿ ಕಾಯಿ ಹೆಕ್ಕುವುದು, ಕೈ ಬಾಯಿ ಮೂಗು ಕರ್ರಗಾಗುವುದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಹಿಂಗಾರಿ ಜೋಳ ಹಾಲುಗಾಳಿಗೆ ಬಂದಾಗ ಸೀತನಿ: ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಉದುರಿಸಿದ ಹಸಿರು ಕಾಳು, ಜೊತೆಗೆ ಶೇಂಗಾ ಚಟ್ನಿಪುಡಿ, ಬೆಲ್ಲ. ಇದಕ್ಕೆ ಗ್ರಿಲ್ಲು, ಥರ್ಮಾಮೀಟರು, ಕೈಗವಸು ಯಾವುದೂ ಬೇಡ, ಬೇರೆಯವರ ಹೊಲ ಇದ್ದರೆ ಸಾಕು. ಇಷ್ಟಿದ್ದೂ ಸಂಜೆಯಾದರೆ ನಾವು ಹೋಗುವುದು ಮಂಡಕ್ಕಿ ಮಿರ್ಚಿಗೇ. ಕೊಟ್ಟೂರಿನ ಕಡೆ ಎಣ್ಣೆ ಬಾಣಲೆಗಿರುವ ಮರ್ಯಾದೆ ಕೆಂಡಕ್ಕೆ ಇನ್ನೂ ಬಂದಿಲ್ಲ.

ಒಂದು ಎಚ್ಚರಿಕೆ ಹೇಳಿ ಮುಂದೆ ಹೋಗುತ್ತೇನೆ. ಸತು ಬಳಿದ ಜಾಳಿಗೆಯನ್ನು ಕೆಂಡದ ಮೇಲಿಡಬಾರದು, ಕಾದರೆ ಅದರ ಹೊಗೆ ವಿಷ. ಮೆರುಗು ಹಾಕಿದ ಸೈಕಲ್ ಕಡ್ಡಿಯನ್ನು ಸಲಾಕೆ ಮಾಡಿಕೊಳ್ಳುವ ಜಾಣತನವೂ ಬೇಡ. ಆಷಾಢದಲ್ಲಂತೂ ಹಿತ್ತಲಲ್ಲಿ ಬೆಂಕಿಯೇ ಬೇಡ. ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆ ಹಬ್ಬವಾಗುವ ಆ ಗಾಳಿ ಒಂದು ಕಿಡಿಯನ್ನು ಎತ್ತಿ ಪಕ್ಕದವರ ಬಣವೆಗೆ ಇಟ್ಟರೆ, ಕೋಳಿ ಕಾಲಿನ ಬೆಲೆ ಎಷ್ಟಾಯಿತೆಂದು ಪಂಚಾಯ್ತಿ ಕಟ್ಟೆಯಲ್ಲಿ ತಿಳಿಯುತ್ತದೆ.

ಪಕ್ಕದವರು ಅಂದೆ. ಗೋಡೆಯಾಚೆ ಶುದ್ಧ ಸಸ್ಯಾಹಾರಿಗಳು. ಅಳಿಯನ ಹೊಗೆ ಎದ್ದ ಮೊದಲ ಸಂಜೆ ಅವರ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಮರುದಿನ ಅವ್ವ ಆ ಮನೆಯ ಹಿರಿಯಕ್ಕನನ್ನು ಗೋಡೆಯ ಬಳಿ ಕರೆದು, ಕೋಳಿ ಇಡುವ ಮುಂಚೆ ಕೆಂಡ ಸುಮ್ಮನೆ ಇರುತ್ತದೆ, ಎರಡು ಬದನೆಕಾಯಿ ಸುಟ್ಟು ಕೊಡಲೇ ಎಂದು ಕೇಳಿದಳು. ಗ್ಯಾಸಿನ ಮೇಲೆ ಸುಟ್ಟ ಬದನೆಕಾಯಿಯ ಗೊಜ್ಜಿಗೆ ರುಚಿಯಿಲ್ಲವೆಂಬುದು ಎರಡೂ ಮನೆಯವರು ಒಪ್ಪುವ ವಿಷಯ. ಹಿರಿಯಕ್ಕ ಬಹಳ ಹೊತ್ತು ಯೋಚಿಸಿದರು. ಕೆಂಡಕ್ಕೆ ಮೈಲಿಗೆಯಿಲ್ಲ, ಬೆಂಕಿ ಎಲ್ಲವನ್ನೂ ಸುಡುತ್ತದೆ. ಆದರೆ ಜಾಳಿಗೆಗೆ ಇದೆ. ಕೊನೆಗೆ ಗೋಡೆಯ ಮೇಲಿನಿಂದ ಎಣ್ಣೆ ಸವರಿ, ಸಿಡಿಯದಂತೆ ಚಾಕುವಿನಲ್ಲಿ ಚುಚ್ಚಿದ ನಾಲ್ಕು ಬದನೆಕಾಯಿ ಬಂದವು. ಜೊತೆಗೆ ಅವರದೇ ಮನೆಯ ಜಾಳಿಗೆ, ಅವರದೇ ಇಕ್ಕಳ.

ಈಗ ಅಳಿಯ ಟೆಕ್ಸಾಸಿಗೆ ಮರಳಿದ್ದಾನೆ, ಗ್ರಿಲ್ಲು ಇಲ್ಲೇ ಇದೆ. ಭಾನುವಾರ ನಾನು ಮೆಕ್ಕೆಜೋಳದ ಬೆಂಡಿಗೆ ಕಡ್ಡಿ ಗೀರುವುದೇ ತಡ, ಗೋಡೆಯ ಮೇಲೆ ಇಕ್ಕಳ, ಜಾಳಿಗೆ, ಬದನೆಕಾಯಿ ಸಾಲಾಗಿ ಬಂದು ಕೂರುತ್ತವೆ. ಹಿಂದೆಯೇ ಹಿರಿಯಕ್ಕನ ದನಿ: "ಇನ್ನೂ ಉರಿ ಐತಲ್ಲ, ಕೆಂಡ ಆಗ್ಲಿ ತಡೀರಿ. ಮೊದ್ಲು ನಮ್ದು. ಆಮೇಲೆ ನೀವು ಏನಾರ ಸುಟ್ಕಳ್ರಿ, ನಾವು ನೋಡಲ್ಲ."