ಅರ್ಧ ಅಂಕದ ಅತಿಥಿ

ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ತೊಡೆಯ ಮೇಲೆ ಇಂಟರ್ನಲ್ಸ್ ಬಂಡಲ್ ಇಟ್ಟುಕೊಂಡು ಕೆಂಪು ಪೆನ್ನು ಆಡಿಸುವ ಯುವಕ ಹೊಸ ಅತಿಥಿ ಉಪನ್ಯಾಸಕನೇ ಸರಿ. ಎಂ.ಎ. ಆಗಿದೆ, ಕೆ-ಸೆಟ್ ಆಗಬೇಕಿದೆ, ಸಂಬಳ ಬಂದಾಗ ಬರುತ್ತದೆ. ಇಷ್ಟರ ನಡುವೆ ಅವನಿಗೆ ಖಾತ್ರಿಯಿರುವುದು ಒಂದೇ: ತಾನು ನ್ಯಾಯವಂತ. ಐದಕ್ಕೆ ಮೂರು ಕೊಡಲು ಮನಸ್ಸು ಒಪ್ಪದು, ನಾಲ್ಕು ಕೊಡಲು ಧೈರ್ಯ ಸಾಲದು, ಆದ್ದರಿಂದ ಮೂರೂವರೆ. ಅಕ್ಷರ ದುಂಡಗಿದ್ದರೆ ಅರ್ಧ ಅಂಕ, ಅಡಿಷನಲ್ ಶೀಟ್ ಕಟ್ಟಿದ್ದರೆ ಇನ್ನರ್ಧ. ಮೊದಲ ಹತ್ತು ಪತ್ರಿಕೆಗೆ ಅವನು ಯಮ; ಬಂಡಲ್ಲಿನ ತಳ ಮುಟ್ಟುವ ಹೊತ್ತಿಗೆ ಕರ್ಣ.

ಇವನ ಒಳ್ಳೆಯತನದ ಬಗ್ಗೆ ನನಗೆ ತಕರಾರಿಲ್ಲ. ಒಳ್ಳೆಯತನದಿಂದ ಅಂಕ ಅಳೆಯಲಾಗದು ಎಂಬುದಷ್ಟೇ ನನ್ನ ವಾದ. 1912ರಲ್ಲಿ ಅಮೆರಿಕದ ಸಂಶೋಧಕರಾದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು 142 ಶಿಕ್ಷಕರಿಂದ ತಿದ್ದಿಸಿದಾಗ 100ಕ್ಕೆ 64ರಿಂದ 98ರವರೆಗೆ ಅಂಕ ಬಿದ್ದವು. ಅವರೆಲ್ಲರೂ ನ್ಯಾಯವಂತರೇ. ನಮ್ಮ ವಿಶ್ವವಿದ್ಯಾಲಯಗಳಿಗೂ ಇದು ಗೊತ್ತು. ಸ್ನಾತಕೋತ್ತರ ಪತ್ರಿಕೆಯನ್ನು ಇಬ್ಬರು ತಿದ್ದಿ, ಅಂತರ ಹೆಚ್ಚಾದರೆ ಮೂರನೆಯವರಿಗೆ ಕಳಿಸುವುದು ಅದಕ್ಕೇ. ಇಂಟರ್ನಲ್ಸ್‌ಗೆ ಮಾತ್ರ ನಮ್ಮ ಅತಿಥಿಯೊಬ್ಬನೇ ಕೆಳಕೋರ್ಟು, ಅವನೇ ಸುಪ್ರೀಂ ಕೋರ್ಟು. ಎನ್‌ಇಪಿ ಪದ್ಧತಿಯಲ್ಲಿ 100ರಲ್ಲಿ 40 ಅಂಕ ಇವನ ಕೈಯಲ್ಲೇ ಇತ್ತು.

ಬೆಳಿಗ್ಗೆ ಹೂ ಬಿಡಿಸಿ ಕಾಲೇಜಿಗೆ ಬರುವ ಮಕ್ಕಳಿಗೆ ಎರಡು ಅಂಕ ಹೆಚ್ಚು ಹಾಕಿದರೆ ಯಾರ ಗಂಟು ಹೋಯಿತು ಎಂದು ಕೇಳುವವರಿದ್ದಾರೆ. ಕರುಣೆ ಸರಿಯೇ, ಆದರೆ ಅದು ಯಾರಿಗೆ ಸಿಗುತ್ತದೆ? ಕಾರಿಡಾರಿನಲ್ಲಿ ಅಡ್ಡಹಾಕಿ 'ಒಸಿ ನೋಡಿ ಹಾಕಿ ಸಾ' ಎನ್ನಬಲ್ಲವನಿಗೆ. ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಬಂದು ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುವ ಹುಡುಗಿಗೆ ಆ ಎರಡು ಅಂಕ ತಲುಪುವುದೇ ಇಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ್ದನ್ನು ಎಷ್ಟಾದರೂ ಬಯ್ಯಿರಿ, ಅಲ್ಲಿ ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಇಂಟರ್ನಲ್ಸ್‌ಗೂ ಅಂಥದೊಂದು ನಿಯಮ ಬೇಕು: ಯಾವ ಅಂಶಕ್ಕೆ ಎಷ್ಟು ಅಂಕ ಎಂದು ತಿದ್ದುವ ಮೊದಲೇ ಬರೆದಿಟ್ಟ ಸ್ಕೀಮು. ಸಾಹಿತ್ಯದ ಉತ್ತರವನ್ನು ಸ್ಕೀಮಿನಲ್ಲಿ ತೂಗಲಾಗದು ಎಂಬ ಆಕ್ಷೇಪದಲ್ಲಿ ಅರ್ಧ ನಿಜವಿದೆ (ಅರ್ಧ ಅಂಕ ಕೊಡೋಣ). ಸ್ವಂತ ಒಳನೋಟಕ್ಕೂ ಸ್ಕೀಮಿನಲ್ಲಿ ಒಂದು ಅಂಕ ಮೊದಲೇ ಎತ್ತಿಟ್ಟರಾಯಿತು. ಹೆಸರಿನ ಪುಟ ಮಡಚಿ, ಮೊದಲ ಪ್ರಶ್ನೆಯನ್ನು ಎಲ್ಲ ಪತ್ರಿಕೆಗಳಲ್ಲೂ ಮುಗಿಸಿ ಎರಡನೆಯದಕ್ಕೆ ಹೋಗಿ, ಕೊನೆಗೆ ಯಮನ ಕೈಗೆ ಸಿಕ್ಕ ಆ ಹತ್ತನ್ನು ಇನ್ನೊಮ್ಮೆ ನೋಡಿದರೆ ಮುಕ್ಕಾಲು ಅನ್ಯಾಯ ಅಲ್ಲೇ ನಿಲ್ಲುತ್ತದೆ. ಆದರೆ ಇದು ಬಸ್ಸಿನ ಸೀಟಿನಲ್ಲಿ ಆಗುವ ಕೆಲಸವಲ್ಲ. ಪ್ರಾಂಶುಪಾಲರೇ, ನಾಳೆಯೇ ಅಂಕಪಟ್ಟಿ ಬೇಕೆಂದು ಗದರುವ ಮೊದಲು ಅವನಿಗೊಂದು ಮೇಜು ಕೊಡಿ, ಎರಡು ದಿನ ಬಿಡುವು ಕೊಡಿ.