ಬಾಯಿ ಮುಚ್ಚಿಸುವ ಮೀಥೈಲ್ ಮಹಾಶಯರಿಗೆ

ಸನ್ಮಾನ್ಯ ಮೀಥೈಲ್ ಅವರೇ,

ಒಂದು ಇಂಗಾಲ, ಮೂರು ಜಲಜನಕ. ಇಷ್ಟೇ ಆಸ್ತಿಯಲ್ಲಿ ನೀವು ನಡೆಸುವ ದರ್ಬಾರಿಗೆ ಕೈ ಮುಗಿಯಲೇಬೇಕು. ಜೀನಿನ ಒಂದಕ್ಷರವನ್ನೂ ನೀವು ತಿದ್ದುವುದಿಲ್ಲ. ಅದರ ತಲೆಬಾಗಿಲಲ್ಲಿರುವ ಪ್ರೊಮೋಟರ್ ಭಾಗದ ಸೈಟೊಸಿನ್‌ಗಳ ಮೇಲೆ ಹೋಗಿ ಕೂರುತ್ತೀರಿ, ಅಷ್ಟೆ. ಜೀನು ಇದ್ದಲ್ಲೇ ಇರುತ್ತದೆ, ಮಾತು ನಿಂತಿರುತ್ತದೆ. ಕೋಶ ಎರಡಾದರೆ ಮರಿಕೋಶಗಳಿಗೂ ಅದೇ ಮೌನ ಬಳುವಳಿ. ಇಷ್ಟು ಅಚ್ಚುಕಟ್ಟಾಗಿ ಬಾಯಿ ಮುಚ್ಚಿಸುವುದು ಸರ್ಕಾರಗಳಿಗೂ ಕೈಗೂಡಿಲ್ಲ.

ಶ್ವಾಸಕೋಶದಲ್ಲಂತೂ ನಿಮ್ಮ ಆಯ್ಕೆ ಅಮೋಘ. ಕೋಶದ ವಿಭಜನೆಗೆ ಅಡ್ಡ ನಿಲ್ಲುವ ಪಿ16 ಜೀನನ್ನೇ ಹಿಡಿದಿರಿ. ಸಿಗರೇಟು ಸೇದುವವರ ಕಫದಲ್ಲಿ, ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಗುವ ಮೊದಲೇ ನಿಮ್ಮ ಗುರುತು ಸಿಕ್ಕಿದ್ದುಂಟು. 2008ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಮಾಲ್ಕಮ್ ಬ್ರಾಕ್ ಮತ್ತು ಸಂಗಡಿಗರು ನಿಮ್ಮ ಕಡತವನ್ನೇ ಬಿಚ್ಚಿಟ್ಟರು. ಮೊದಲ ಹಂತದಲ್ಲೇ ಶಸ್ತ್ರಚಿಕಿತ್ಸೆಯಾಗಿದ್ದವರಲ್ಲಿ, 40 ತಿಂಗಳೊಳಗೆ ಕ್ಯಾನ್ಸರ್ ಮರಳಿದ 51 ಮಂದಿಯನ್ನೂ ಮರಳದ 116 ಮಂದಿಯನ್ನೂ ಹೋಲಿಸಿ ನೋಡಿದರು. ಸೂಕ್ಷ್ಮದರ್ಶಕ ‘ಏನೂ ಇಲ್ಲ’ ಎಂದಿದ್ದ ದುಗ್ಧಗ್ರಂಥಿಗಳಲ್ಲೂ ನೀವಿದ್ದಿರಿ! ಗೆಡ್ಡೆ ಮತ್ತು ಎದೆನಡುವಿನ ಗ್ರಂಥಿ, ಎರಡೂ ಕಡೆ ಪಿ16 ಮತ್ತು ಸಿಡಿಎಚ್13 ಜೀನುಗಳ ಮೇಲೆ ನೀವು ಕೂತಿದ್ದರೆ, ರೋಗ ಮರುಕಳಿಸುವ ಆಡ್ಸ್ ಅನುಪಾತ 15.5.

ಇಷ್ಟಾದರೂ ಆಸ್ಪತ್ರೆಯಲ್ಲಿ ನಿಮಗೊಂದು ಕಾಯಂ ನೌಕರಿ ಸಿಗಲಿಲ್ಲ. ಶ್ವಾಸಕೋಶದ ವೈದ್ಯರು ಇಂದಿಗೂ ಕೇಳುವುದು ರೋಗದ ಹಂತ, ಗೆಡ್ಡೆಯಲ್ಲಿ ಪರೀಕ್ಷಿಸುವ ಇಜಿಎಫ್‌ಆರ್, ಪಿಡಿ-ಎಲ್1 ಎಂಬ ಗುರುತುಗಳು. ಬೇಸರಿಸಬೇಡಿ, ಅವುಗಳ ಬೆನ್ನಿಗೆ ಔಷಧಿಗಳಿವೆ. ಗ್ಲಿಯೊಬ್ಲಾಸ್ಟೊಮಾ ಎಂಬ ಮಿದುಳಿನ ಕ್ಯಾನ್ಸರಿನಲ್ಲಿ ಎಂಜಿಎಂಟಿ ಜೀನಿನ ಮೇಲೆ ನೀವಿದ್ದೀರೋ ಇಲ್ಲವೋ ಎಂದು ವಿಚಾರಿಸುತ್ತಾರಲ್ಲ? ಅಲ್ಲಿ ನಿಮ್ಮ ಹಾಜರಿಯಿಂದ ಟೆಮೊಜೊಲೊಮೈಡ್ ಔಷಧಿ ಎಷ್ಟು ಫಲಿಸೀತೆಂಬ ಅಂದಾಜು ಸಿಗುತ್ತದೆ. ಶ್ವಾಸಕೋಶದಲ್ಲೋ, ನೀವು ಹೇಳುವುದು ದೋಷವನ್ನು ಮಾತ್ರ ತೋರಿಸಿ ಪರಿಹಾರ ಹೇಳದ ಜಾತಕ. ಮೇಲಾಗಿ 167 ಮಂದಿಯ ಲೆಕ್ಕ ನಂಬಿ ಎಲ್ಲರಿಗೂ ಭವಿಷ್ಯ ನುಡಿಯುವುದು ನನಗಂತೂ ಒಪ್ಪಿಗೆಯಿಲ್ಲ.

ನಿಮ್ಮನ್ನೇ ಎತ್ತಂಗಡಿ ಮಾಡೋಣವೆಂದರೆ, ಅದಕ್ಕೂ ಔಷಧಿ ಇದೆ. ಅಜಾಸಿಟಿಡಿನ್‌ಗೆ 2004ರಲ್ಲೇ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು, ಆದರೆ ಮೂಳೆಮಜ್ಜೆಯ ಕಾಯಿಲೆಗೆ. ತೊಡಕಿರುವುದು ನಿಮ್ಮ ಸದ್ಗುಣದಲ್ಲಿ. ಹೆಣ್ಣುಮಕ್ಕಳ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದನ್ನು ಸುಮ್ಮನಿರಿಸುವುದರಲ್ಲೂ ನಿಮ್ಮ ಪಾಲಿದೆ. ನಿಮ್ಮನ್ನು ಕೀಳುವ ಔಷಧಿಗೆ ನೀವು ಎಲ್ಲಿ ನ್ಯಾಯವಾಗಿ ಕೂತಿದ್ದೀರಿ, ಎಲ್ಲಿ ಅತಿಕ್ರಮಿಸಿದ್ದೀರಿ ಎಂಬ ಭೇದ ಗೊತ್ತಾಗುವುದಿಲ್ಲ. ಆ ಪಟ್ಟಿಯನ್ನು ನೀವೇ ಒದಗಿಸಿದರೆ ಉಪಕಾರವಾದೀತು.

ಇಂತಿ,
ಸದ್ಯಕ್ಕೆ ಉಸಿರಾಡುತ್ತಿರುವ ಒಬ್ಬ ನಾಗರಿಕ