ಜಲ್ಲಿ ಹುಡುಕಿಕೊಂಡು ಹೋದವನು

ಟಾರು ರಸ್ತೆ ಬೇಕೆಂದು ನಮ್ಮ ಹಿರಿಯರು ಅರ್ಜಿ ಬರೆದೂ ಬರೆದೂ ಸವೆದರು. ನಾನು ಟಾರಿಲ್ಲದ ರಸ್ತೆ ಬೇಕೆಂದು ಸಾಲ ಮಾಡಿ ಗ್ರಾವೆಲ್ ಬೈಕ್ ಕೊಂಡೆ. ಅಂದರೆ ಜಲ್ಲಿ, ಮಣ್ಣಿನ ದಾರಿಗೆಂದೇ ಹುಟ್ಟಿದ ಸೈಕಲ್: ಟಗರಿನ ಕೊಂಬಿನಂಥ ಹ್ಯಾಂಡಲ್, 40 ಮಿ.ಮೀ. ಅಗಲದ ಟೈರು. ಗಾಳಿ ಕಮ್ಮಿ ಇರಬೇಕು. ಆಗಲೇ ಟೈರು ಕಲ್ಲನ್ನು ತಬ್ಬಿಕೊಂಡು ಹೋಗುವುದು. ಈ ಹುಚ್ಚಿಗೆ 2022ರಿಂದ ವಿಶ್ವ ಚಾಂಪಿಯನ್‌ಶಿಪ್ಪೂ ಇದೆ, ಮೊದಲನೆಯದು ಇಟಲಿಯಲ್ಲಿ ನಡೆಯಿತು.

ಮೂಡಿಗೆರೆ ಕಡೆಯ ಕಾಫಿ ತೋಟಗಳ ನಡುವಿನ ದಾರಿ. ಬಸ್ಸಿಲ್ಲ, ಹಾರನ್ನಿಲ್ಲ. ಸಿಲ್ವರ್ ಓಕ್ ಎಲೆಗಳ ಮೇಲೆ ಚಕ್ರ ಚರಚರ ಎನ್ನುತ್ತದೆ, ಅಷ್ಟೆ. ಏರು ಬಂದಾಗ ಮಾತ್ರ ನನ್ನ ಏದುಸಿರಿಗೆ ಮಂಗಗಳೂ ಗಾಬರಿಯಾದವು. ಇಳಿದು ತಳ್ಳಿದೆ. ಫೋಟೋದಲ್ಲಿ ಅದು ಕಾಣುವುದಿಲ್ಲ ಬಿಡಿ.

ತಿರುವಿನಲ್ಲಿ ಕತ್ತಿ ಹಿಡಿದ ಅಜ್ಜ ಸಿಕ್ಕರು. ಸೈಕಲ್ಲನ್ನು ಸುತ್ತಲೂ ನೋಡಿ, "ಎಂತ ಮಾರಾಯ್ರೆ, ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ. ಹಾಲಿನ ಕ್ಯಾನ್ ಎಲ್ಲಿ ಕಟ್ತೀರಿ?" ಎಂದರು.

"ಹಾಲು ಟೈರೊಳಗೇ ಇದೆ ಅಜ್ಜ," ಎಂದೆ. ಟ್ಯೂಬಿಲ್ಲದ ಟೈರಿಗೆ ಹಾಲಿನಂಥ ದ್ರವ ತುಂಬಿರುತ್ತಾರೆ, ಮುಳ್ಳು ಚುಚ್ಚಿದರೆ ಅದೇ ಬಂದು ತೂತು ಮುಚ್ಚುತ್ತದೆ. ಅಜ್ಜ ನಂಬಲಿಲ್ಲ. ಬೆಲೆಯನ್ನಂತೂ ನಾನು ಹೇಳಲೇ ಇಲ್ಲ.

"ಕಾಲು ನೋಡಿಕೊಳ್ಳಿ," ಎಂದರು. ಸಾಕ್ಸಿನ ಅಂಚಿನಲ್ಲಿ ಮೂರು ಇಂಬಳ, ದ್ರಾಕ್ಷಿಯಷ್ಟು ದಪ್ಪಗಾಗಿ ಪುಕ್ಕಟೆ ಸವಾರಿ ಮಾಡುತ್ತಿದ್ದವು. ಅಜ್ಜ ಎಲೆಯಡಿಕೆ ಚೀಲದ ಸುಣ್ಣ ಮುಟ್ಟಿಸಿ ಇಳಿಸಿದರು.

ಹೊರಡುವಾಗ ಅಂದರು: "ಮುಂದಿನ ಸಲ ಬೇಗ ಬನ್ನಿ. ನಮಗೂ ಟಾರು ಸ್ಯಾಂಕ್ಷನ್ ಆಗಿದೆಯಂತೆ."